ಕಾನೂನು 48 ಗಂಟೆ ಎಂದರೂ ಮನೆಗೆ ಹೊರಡುವ ಹೊತ್ತು ಯಾರ ಕೈಯಲ್ಲಿದೆ?

2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್ ಸಹ-ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ 90 ಗಂಟೆಯ ಮಾತಾಡಿದರು; ಭಾನುವಾರ ನಿಮ್ಮಿಂದ ಕೆಲಸ ಮಾಡಿಸಲು ಆಗುತ್ತಿಲ್ಲವಲ್ಲ ಎಂದು ಸಿಬ್ಬಂದಿಯ ಮುಂದೆಯೇ ವಿಷಾದಿಸಿದರು. ಅದೇ ವರ್ಷ ಜೂನ್‌ನಲ್ಲಿ ಕರ್ನಾಟಕದ ಕಾರ್ಮಿಕ ಇಲಾಖೆ ದಿನದ ದುಡಿಮೆಯ ಮಿತಿಯನ್ನು 9ರಿಂದ 10 ಗಂಟೆಗೆ, ಓಟಿ (ನಿಗದಿತ ವೇಳೆ ಮೀರಿದ ದುಡಿಮೆ) ಸೇರಿ 12 ಗಂಟೆಗೆ ಏರಿಸುವ ಪ್ರಸ್ತಾವ ಮುಂದಿಟ್ಟಿತು. ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿದೆ. ಡಿಸೆಂಬರ್‌ನಲ್ಲಿ ಸಂಸದೆ ಸುಪ್ರಿಯಾ ಸುಳೆ, ಕೆಲಸದ ಹೊತ್ತು ಮುಗಿದ ಮೇಲೆ ಫೋನು, ಮೇಲ್‌ಗಳಿಗೆ ಉತ್ತರಿಸದಿರುವ ಹಕ್ಕಿಗಾಗಿ ಲೋಕಸಭೆಯಲ್ಲಿ ಖಾಸಗಿ ಮಸೂದೆ (ಸರ್ಕಾರದ ಬದಲು ಸದಸ್ಯರೊಬ್ಬರೇ ತರುವ ಮಸೂದೆ) ಮಂಡಿಸಿದರು.

ಎರಡು ವರ್ಷದಲ್ಲಿ ಇಷ್ಟು ಸಂಖ್ಯೆಗಳು ಕಿವಿಗೆ ಬಿದ್ದರೆ ಗೊಂದಲವಾಗುವುದು ಸಹಜ. ಇವುಗಳಲ್ಲಿ ನನಗೆ ಅನ್ವಯವಾಗುವುದು ಯಾವುದು? ಅನ್ವಯವಾದರೂ ರಾತ್ರಿ ಹತ್ತಕ್ಕೆ ಬರುವ ಕರೆ ನಿಲ್ಲುತ್ತದೆಯೇ? ಮೊದಲ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿದೆ. ಎರಡನೆಯದಕ್ಕೆ ಉತ್ತರ ಬಹುಮಟ್ಟಿಗೆ ನೌಕರನ ಪಕ್ಕದ ಸೀಟಿನಲ್ಲಿ ಕೂರುವ ಮ್ಯಾನೇಜರ್‌ನ ನಡವಳಿಕೆಯಲ್ಲಿದೆ. ದೊಡ್ಡವರ ಭಾಷಣಗಳ ಸುತ್ತ ನಡೆಯುವ ಚರ್ಚೆಯಲ್ಲಿ ಈ ಎರಡನೆಯ ಭಾಗ ಬಿಟ್ಟುಹೋಗುತ್ತಿದೆ.

ಈಗ ಇರುವ ಕಾನೂನು ಯಾರಿಗೆ?

ರಾಜ್ಯದ ಕಚೇರಿ, ಅಂಗಡಿ, ಐಟಿ ಕಂಪನಿಗಳಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓಟಿ ಸೇರಿಸಿದರೂ ದಿನಕ್ಕೆ 10 ಗಂಟೆ ಮೀರಬಾರದು, ಮೂರು ತಿಂಗಳಲ್ಲಿ ಓಟಿ ಒಟ್ಟು 50 ಗಂಟೆ ದಾಟಬಾರದು, ಓಟಿಗೆ ಎರಡು ಪಟ್ಟು ವೇತನ ಕೊಡಬೇಕು. ಕೇಂದ್ರದ ಸಂಹಿತೆಗಳು ಒಟ್ಟುಗೂಡಿಸಿದ್ದು 29 ಕೇಂದ್ರ ಕಾಯ್ದೆಗಳನ್ನು. ರಾಜ್ಯದ ಈ ಕಾಯ್ದೆ ಆ ಪಟ್ಟಿಯಲ್ಲಿಲ್ಲ. ಎರಡೂ ಒಟ್ಟಿಗೆ ಇರುವುದರಿಂದಲೇ ಒಂದು ಸುದ್ದಿಯಲ್ಲಿ 8 ಗಂಟೆ, ಇನ್ನೊಂದರಲ್ಲಿ 9 ಗಂಟೆ ಎಂದು ಓದುತ್ತೇವೆ.

ಓಟಿಗೆ ನೌಕರನ ಒಪ್ಪಿಗೆ ಬೇಕು, ಎರಡು ಪಟ್ಟು ವೇತನ ಸಿಗಬೇಕು ಎಂದು ಕೇಂದ್ರದ ಸಂಹಿತೆಯೂ ಹೇಳುತ್ತದೆ. ಆದರೆ ಈ ರಕ್ಷಣೆ ಇರುವುದು ‘ಕಾರ್ಮಿಕ’ ಎಂಬ ವ್ಯಾಖ್ಯಾನದೊಳಗೆ ಬರುವವರಿಗೆ ಮಾತ್ರ. ಆಡಳಿತಾತ್ಮಕ ಅಥವಾ ವ್ಯವಸ್ಥಾಪಕ ಹುದ್ದೆಯಲ್ಲಿರುವವರು ಹೊರಗುಳಿಯುತ್ತಾರೆ. ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರೂ ಹೊರಗೆ. ತಾಂತ್ರಿಕ ಕೆಲಸ ಮಾಡುವವರಿಗೆ ವೇತನದ ಇಂಥ ಮಿತಿಯಿಲ್ಲ. ಹಾಗಾಗಿ ದಿನವಿಡೀ ಕೋಡ್ ಬರೆಯುವವರು ಒಳಗೆ ಬರುತ್ತಾರೆ ಎಂದು ವಾದಿಸಲು ಬಲವಾದ ಆಧಾರವಿದೆ. ತೊಡಕು ಇರುವುದು ‘ಟೀಮ್ ಲೀಡ್’, ‘ಅಸೋಸಿಯೇಟ್ ಮ್ಯಾನೇಜರ್’ ಎಂಬ ಪದನಾಮ ಇಟ್ಟುಕೊಂಡು ಮುಕ್ಕಾಲು ಪಾಲು ಸಮಯ ಕೋಡ್ ಬರೆಯುವವರ ವಿಷಯದಲ್ಲಿ. ಪದನಾಮ ಏನೇ ಇರಲಿ, ಆ ವ್ಯಕ್ತಿ ಮುಖ್ಯವಾಗಿ ಮಾಡುವ ಕೆಲಸ ಯಾವುದು ಎಂಬುದನ್ನೇ ನೋಡಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಆದರೆ ಅದನ್ನು ಸಾಬೀತು ಮಾಡಲು ನೌಕರ ಕೋರ್ಟಿನ ಮೆಟ್ಟಿಲು ಹತ್ತಬೇಕು, ಕೆಲಸದಲ್ಲಿರುವಾಗ ಯಾರೂ ಹತ್ತುವುದಿಲ್ಲ.

ಇದರ ಮೇಲೆ ಇನ್ನೊಂದು ಸಂಗತಿ. ಕೆಲಸದ ವೇಳೆ, ರಜೆ, ಶಿಸ್ತುಕ್ರಮಗಳನ್ನು ಲಿಖಿತವಾಗಿ ಗೊತ್ತುಪಡಿಸುವ ಸ್ಥಾಯಿ ಆದೇಶಗಳಿಂದ ಐಟಿ, ಬಿಪಿಒ ಮತ್ತು ಇತರ ಜ್ಞಾನಾಧಾರಿತ ಕಂಪನಿಗಳಿಗೆ ಕರ್ನಾಟಕ 2014ರಲ್ಲಿ ವಿನಾಯಿತಿ ಕೊಟ್ಟಿತು. ಅವಧಿ ಮುಗಿದಾಗ ವಿಸ್ತರಿಸಿತು. ವಿನಾಯಿತಿಗೆ ಷರತ್ತುಗಳಿವೆ: ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ ಇರಬೇಕು, ಮಾಲೀಕರು ಮತ್ತು ನೌಕರರು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು, ಅಮಾನತು ಅಥವಾ ವಜಾ ಮಾಡಿದರೆ ಇಲಾಖೆಗೆ ತಿಳಿಸಬೇಕು. ತಮ್ಮ ಕಂಪನಿಯ ಕುಂದುಕೊರತೆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಹೇಳಬಲ್ಲ ನೌಕರರು ವಿರಳ. ಆ ಜಾಗವನ್ನು ಖಾಲಿ ಬಿಟ್ಟ ಕಡೆ ದಿನನಿತ್ಯದ ನಿಯಮ ಬರೆಯುವವರು ಮ್ಯಾನೇಜರ್ ಆಗುತ್ತಾರೆ.

ಮೇಲಿನ ಮಾತು ಕೆಳಗಿಳಿಯುವ ದಾರಿ

ಕಂಪನಿಯ ಮುಖ್ಯಸ್ಥರು 70 ಗಂಟೆ ಎಂದ ಮಾತ್ರಕ್ಕೆ ಮರುದಿನ ಸುತ್ತೋಲೆ ಬರುವುದಿಲ್ಲ. ಆ ಮಾತು ಇಳಿಯುವುದು ಅಪ್ರೈಸಲ್, ಅಂದರೆ ನೌಕರರ ಕೆಲಸದ ಮೌಲ್ಯಮಾಪನದ ಮೂಲಕ.

ಹತ್ತು ಜನರ ಒಂದು ತಂಡ ಇಟ್ಟುಕೊಳ್ಳಿ. ರೇಟಿಂಗ್ ಹಂಚಿಕೆಯ ನಿಯಮದಂತೆ ಇಬ್ಬರಿಗೆ ಅತ್ಯುತ್ತಮ, ಏಳು ಜನರಿಗೆ ನಡುವಿನದು, ಒಬ್ಬರಿಗೆ ಕೆಳಗಿನದು ಕೊಡಲೇಬೇಕು. ಹತ್ತೂ ಜನ ಚೆನ್ನಾಗಿ ಕೆಲಸ ಮಾಡಿದ್ದರೂ ಆ ಒಬ್ಬರನ್ನು ಹುಡುಕಬೇಕು. ಬೇರೆ ತಂಡಗಳ ಮ್ಯಾನೇಜರ್‌ಗಳ ಜೊತೆ ಕೂತು ರೇಟಿಂಗ್ ಹೊಂದಿಸುವ ಸಭೆಯಲ್ಲಿ ‘ಇವರಿಗೇಕೆ ಮೇಲಿನ ರೇಟಿಂಗ್?’ ಎಂದು ಕೇಳಿದಾಗ ಮ್ಯಾನೇಜರ್ ಎರಡು ನಿಮಿಷದಲ್ಲಿ ಕಾರಣ ಕೊಡಬೇಕು. ಕೋಡ್‌ನ ಗುಣಮಟ್ಟವನ್ನು ಎರಡು ನಿಮಿಷದಲ್ಲಿ ವಿವರಿಸುವುದು ಕಷ್ಟ. ‘ರಿಲೀಸ್ ದಿನ ರಾತ್ರಿಯಿಡೀ ಇದ್ದರು, ಶನಿವಾರ ಕರೆದರೂ ಬಂದರು’ ಎಂಬುದು ಹತ್ತು ಸೆಕೆಂಡಿನ ಮಾತು, ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಮುಖ್ಯಸ್ಥರೇ ಗಂಟೆಗಳನ್ನು ಹೊಗಳಿದ್ದರೆ ಆ ವಾದಕ್ಕೆ ಇನ್ನಷ್ಟು ಬಲ.

ಒಂದೇ ಒಂದು ಅಪ್ರೈಸಲ್ ಹೀಗೆ ಮುಗಿದರೆ ಸಾಕು, ತಂಡಕ್ಕೆ ಪಾಠ ಮುಟ್ಟುತ್ತದೆ. ಮ್ಯಾನೇಜರ್ ಎದ್ದು ಹೋಗುವವರೆಗೆ ಯಾರೂ ಬ್ಯಾಗ್ ಎತ್ತುವುದಿಲ್ಲ. ಮ್ಯಾನೇಜರ್ ಯಾವತ್ತೂ ‘ಕೂತಿರಿ’ ಎಂದು ಹೇಳಿರುವುದಿಲ್ಲ, ಕೇಳಿದರೆ ಪ್ರಾಮಾಣಿಕವಾಗಿಯೇ ‘ನಾನು ಒತ್ತಾಯ ಮಾಡಿಲ್ಲ’ ಎನ್ನುತ್ತಾರೆ. ಮೈಕ್ರೊಸಾಫ್ಟ್ ಇಂಥ ಕಡ್ಡಾಯ ಶ್ರೇಣೀಕರಣವನ್ನು 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಹೆಸರು ಬದಲಿಸಿಕೊಂಡು ಅದು ಅನೇಕ ಕಡೆ ಇಂದಿಗೂ ಇದೆ.

ಹೀಗೆ ಕೂತ ಗಂಟೆಗಳಿಂದ ಕೆಲಸ ಹೆಚ್ಚಾಗುತ್ತದೆಯೇ? ಅಮೆರಿಕದ ಒಂದು ಸಲಹಾ ಸಂಸ್ಥೆಯನ್ನು ಅಧ್ಯಯನ ಮಾಡಿದ ಎರಿನ್ ರೀಡ್ 2015ರಲ್ಲಿ ಪ್ರಕಟಿಸಿದ ಪ್ರಬಂಧ ಇಲ್ಲಿ ಗಮನಾರ್ಹ. ವಾರಕ್ಕೆ ನಿಜವಾಗಿ 80 ಗಂಟೆ ದುಡಿಯುವವರಿಗೂ ಹಾಗೆ ದುಡಿಯುತ್ತಿರುವಂತೆ ತೋರಿಸಿಕೊಂಡು ಸದ್ದಿಲ್ಲದೆ ಕಡಿಮೆ ದುಡಿಯುವವರಿಗೂ ವ್ಯತ್ಯಾಸ ಮೇಲಿನವರಿಗೆ ತಿಳಿಯುತ್ತಲೇ ಇರಲಿಲ್ಲ. ಬಹಿರಂಗವಾಗಿ ಕಡಿಮೆ ಸಮಯ ಕೇಳಿದವರಿಗೆ ಮಾತ್ರ ಪೆಟ್ಟು ಬಿತ್ತು. ತನ್ನ ಅಗತ್ಯವನ್ನು ನೇರವಾಗಿ ಹೇಳಿಕೊಂಡವರೇ ಹಿಂದೆ ಬಿದ್ದರೆ, ಉಳಿದವರು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯುತ್ತಾರೆ.

ಟೈಮ್‌ಶೀಟ್‌ಗೆ ಬೀಳದ ಗಂಟೆಗಳು

ಐಟಿ ಸೇವಾ ಕಂಪನಿಗಳಲ್ಲಿ ಹೆಚ್ಚುವರಿ ದುಡಿಮೆ ದಾಖಲೆಯಿಂದ ಮಾಯವಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮ್ಯಾನೇಜರ್ ಆಡುವ ಒಂದು ಮಾತು ಎಷ್ಟು ದೂರ ಹೋಗುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಗ್ರಾಹಕರೊಂದಿಗಿನ ಒಪ್ಪಂದಗಳಲ್ಲಿ ಮುಖ್ಯವಾಗಿ ಎರಡು ಬಗೆ. ಗಂಟೆ ಲೆಕ್ಕದ ಒಪ್ಪಂದದಲ್ಲಿ ಗ್ರಾಹಕ ಒಬ್ಬ ನೌಕರನ ವಾರದ 40 ಅಥವಾ 45 ಗಂಟೆಗೆ ಹಣ ಕೊಡುತ್ತಾನೆ. ಅದಕ್ಕಿಂತ ಹೆಚ್ಚು ಬರೆದರೆ ಮುಂಚೆಯೇ ಅನುಮತಿ ಬೇಕು. ನಿಗದಿತ ಮೊತ್ತದ ಒಪ್ಪಂದದಲ್ಲಿ ಗಂಟೆ ಎಷ್ಟಾದರೂ ಹಣ ಅಷ್ಟೇ, ಹೆಚ್ಚಾದದ್ದು ಕಂಪನಿಯ ಲಾಭದಿಂದ ಕಳೆಯುತ್ತದೆ. ಎರಡರಲ್ಲೂ ಹೆಚ್ಚುವರಿ ಗಂಟೆಗೆ ಹಣ ಕೊಡುವವರು ಯಾರೂ ಇಲ್ಲ. ಆದ್ದರಿಂದ ಅದು ದಾಖಲಾಗುವುದು ಯಾರಿಗೂ ಬೇಕಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಮಾಡ್ಯೂಲ್‌ಗೆ 400 ಗಂಟೆ ಎಂದು ಅಂದಾಜು ಮಾಡಲಾಗಿದೆ. ಕೆಲಸ ನಿಜವಾಗಿ ತಿಂದದ್ದು 520 ಗಂಟೆ. ಶುಕ್ರವಾರ ಟೈಮ್‌ಶೀಟ್ (ದುಡಿದ ಗಂಟೆಗಳ ದಾಖಲೆ) ತುಂಬುವಾಗ ಮ್ಯಾನೇಜರ್ ‘ದಿನಕ್ಕೆ ಒಂಬತ್ತೇ ಹಾಕಿ, ಇಲ್ಲದಿದ್ದರೆ ಅಪ್ರೂವ್ ಆಗಲ್ಲ’ ಎನ್ನುತ್ತಾರೆ. ದಾಖಲೆಯಲ್ಲಿ 400 ಉಳಿಯುತ್ತದೆ. ಮುಂದಿನ ವರ್ಷ ಅಂಥದ್ದೇ ಕೆಲಸ ಬಂದಾಗ ಅಂದಾಜು ಹಾಕುವವರು ಹಳೆಯ ದಾಖಲೆ ತೆಗೆದು ನೋಡುತ್ತಾರೆ: ‘400 ಗಂಟೆಗೆ ಸರಿಯಾಗಿ ಮುಗಿದಿದೆ.’ ವರ್ಷ ವರ್ಷ ಶೇ 10ರಷ್ಟು ದಕ್ಷತೆ ಹೆಚ್ಚಿಸುತ್ತೇವೆಂದು ಒಪ್ಪಂದದಲ್ಲಿ ಗ್ರಾಹಕನಿಗೆ ಮಾತು ಕೊಟ್ಟಿದ್ದರೆ ಹೊಸ ಅಂದಾಜು 360 ಗಂಟೆಗೆ ಇಳಿಯುತ್ತದೆ. ಕೆಲಸ ಇನ್ನೂ 520 ಗಂಟೆಯದೇ. ಕಳೆದ ವರ್ಷ 120 ಗಂಟೆ ಬಿಟ್ಟಿ ದುಡಿದ ತಂಡ ಈ ವರ್ಷ 160 ಗಂಟೆ ದುಡಿಯಬೇಕು.

ಹಾನಿ ಇಲ್ಲಿಗೇ ನಿಲ್ಲುವುದಿಲ್ಲ. ದಾಖಲೆಯಲ್ಲಿ ಎಲ್ಲರೂ ನಿಗದಿತ ಸಮಯದಲ್ಲೇ ಮುಗಿಸುತ್ತಿರುವುದರಿಂದ ಇನ್ನೊಬ್ಬರನ್ನು ನೇಮಿಸಿ ಎಂದು ಕೇಳಲು ಮ್ಯಾನೇಜರ್ ಬಳಿ ಆಧಾರವಿರುವುದಿಲ್ಲ. ಆರೋಗ್ಯ ಕೆಟ್ಟು ರಜೆ ಕೇಳಿದವರಿಗೆ ‘ಕೆಲಸದ ಹೊರೆ ಸಾಮಾನ್ಯವಾಗಿಯೇ ಇತ್ತಲ್ಲ’ ಎಂದು ಎಚ್‌ಆರ್ ತೋರಿಸುವುದೂ ಅದೇ ಟೈಮ್‌ಶೀಟ್. ಕಾರ್ಮಿಕ ಅಧಿಕಾರಿ ತಪಾಸಣೆಗೆ ಬಂದರೂ ಕಾಣುವುದು ಅದೇ. ಕಾನೂನು ಓಟಿಗೆ ಎರಡು ಪಟ್ಟು ವೇತನ ಕೊಡುತ್ತದೆ ಸರಿ, ಆದರೆ ಓಟಿ ನಡೆದೇ ಇಲ್ಲ ಎಂದು ದಾಖಲೆ ಹೇಳಿದರೆ ಎರಡು ಪಟ್ಟು ಯಾವುದಕ್ಕೆ? ಗಂಟೆಗಳ ಮಿತಿ 48 ಇರಲಿ, 60 ಇರಲಿ, ದಾಖಲೆ ಸುಳ್ಳಾಗಿರುವವರೆಗೆ ಅದರಿಂದ ಪ್ರಯೋಜನವಿಲ್ಲ.

ಅಷ್ಟೇ ಗಂಟೆ, ಬೇರೆ ಅನುಭವ

ನಾರಾಯಣಮೂರ್ತಿಯವರಂಥ ಉದ್ಯಮಿಗಳು ತಾವೂ ಹಾಗೆಯೇ ದುಡಿದಿದ್ದೇವೆ ಎನ್ನುತ್ತಾರೆ. ಅದನ್ನು ಅನುಮಾನಿಸಬೇಕಿಲ್ಲ. ಆದರೆ ಕಂಪನಿ ಕಟ್ಟಿದವರ 70 ಗಂಟೆಯೂ ಅಲ್ಲಿ ಸಂಬಳಕ್ಕೆ ಸೇರಿದವರ 70 ಗಂಟೆಯೂ ದೇಹಕ್ಕೆ ಒಂದೇ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲಿ ಮುಂದಿಟ್ಟ ವಿವರಣೆ ಇಲ್ಲಿ ಸಹಾಯಕ್ಕೆ ಬರುತ್ತದೆ: ಕೆಲಸದ ಹೊರೆಯೊಂದೇ ಮನುಷ್ಯನನ್ನು ಕುಗ್ಗಿಸುವುದಿಲ್ಲ, ಹೊರೆ ಹೆಚ್ಚಿದ್ದು, ಅದನ್ನು ಯಾವಾಗ, ಹೇಗೆ ಮಾಡಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ಕಡಿಮೆಯಿದ್ದಾಗ ಒತ್ತಡ ಅತಿ ಹೆಚ್ಚು. ಮಾಲೀಕ ಮಧ್ಯಾಹ್ನ ಮಗುವಿನ ಶಾಲೆಗೆ ಹೋಗಿ ಬಂದು ರಾತ್ರಿ ಕೂರಬಹುದು. ನೌಕರ ಅದಕ್ಕೆ ಅನುಮತಿ ಕೇಳಬೇಕು. ಆ ಅನುಮತಿ ಎಷ್ಟು ಸಲೀಸಾಗಿ ಸಿಗುತ್ತದೆ ಎಂಬುದು ಮ್ಯಾನೇಜರ್ ಮೇಲೆ ನಿಂತಿದೆ.

ಸ್ವೀಡನ್ನಿನಲ್ಲಿ 3,122 ಪುರುಷ ನೌಕರರನ್ನು ವರ್ಷಗಳ ಕಾಲ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಹೃದಯದವರೆಗೂ ಕೊಂಡೊಯ್ಯುತ್ತದೆ. ಮಾಹಿತಿ ಹಂಚಿಕೊಳ್ಳುವ, ಗುರಿಯನ್ನು ಸ್ಪಷ್ಟವಾಗಿ ಹೇಳುವ, ಕೆಲಸಕ್ಕೆ ಬೇಕಾದ ಅಧಿಕಾರ ಕೊಡುವ ಮೇಲಧಿಕಾರಿಗಳ ಕೈಕೆಳಗೆ ಇದ್ದವರಲ್ಲಿ ಹೃದ್ರೋಗದ ಅಪಾಯ ಕಡಿಮೆಯಿತ್ತು; ಒಂದೇ ಕಡೆ ಹೆಚ್ಚು ವರ್ಷ ಕೆಲಸ ಮಾಡಿದವರಲ್ಲಿ ಈ ನಂಟು ಇನ್ನೂ ಗಟ್ಟಿಯಾಗಿತ್ತು. ಹಾಗೆಂದು ಒಳ್ಳೆಯ ಮ್ಯಾನೇಜರ್ ಇದ್ದರೆ ಎಷ್ಟು ಗಂಟೆ ಬೇಕಾದರೂ ದುಡಿಸಬಹುದು ಎಂದು ಅರ್ಥವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು.

ಉತ್ಪಾದನೆಯ ದೃಷ್ಟಿಯಿಂದಲೂ 70 ಎಂಬ ಸಂಖ್ಯೆಗೆ ಒಂದು ಹಳೆಯ ಉತ್ತರವಿದೆ. ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ ಮರುಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ವಾರಕ್ಕೆ 70 ಗಂಟೆ ದುಡಿದಾಗ ಬಂದ ಉತ್ಪಾದನೆ 56 ಗಂಟೆಯ ಉತ್ಪಾದನೆಗಿಂತ ಹೆಚ್ಚೇನೂ ಬೇರೆ ಇರಲಿಲ್ಲ. ಕೊನೆಯ 14 ಗಂಟೆ ಬಹುತೇಕ ವ್ಯರ್ಥ. ಅದು ಕೈಕೆಲಸ, ದಣಿದ ತಲೆ ಬರೆದ ಕೋಡ್‌ನ ತಪ್ಪನ್ನು ಮರುದಿನ ಹುಡುಕಿ ತಿದ್ದುವ ಗಂಟೆಗಳು ಅಲ್ಲಿ ಇರಲಿಲ್ಲ.

ನರಸಾಪುರ ಹೇಳುವುದೇನು

ಇದು ಎ.ಸಿ. ಕೋಣೆಗಳ ಸಮಸ್ಯೆ ಮಾತ್ರ ಎಂದುಕೊಳ್ಳುವವರು 2020ರ ಡಿಸೆಂಬರ್ 12ನ್ನು ನೆನಪಿಸಿಕೊಳ್ಳಬೇಕು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಆ ಬೆಳಿಗ್ಗೆ ಪಾಳಿ ಮುಗಿಸಿದ ಕಾರ್ಮಿಕರ ಆಕ್ರೋಶ ಸ್ಫೋಟಿಸಿತು, ಗಾಜು, ಯಂತ್ರ, ವಾಹನಗಳು ಜಖಂಗೊಂಡವು. ಹಿಂಸೆಯನ್ನು ಸಮರ್ಥಿಸುವ ಪ್ರಶ್ನೆಯಿಲ್ಲ. ಆದರೆ ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ನಡೆದದ್ದೇನು ಎಂಬುದು ಸರ್ಕಾರಿ ಇಲಾಖೆಯ ಪರಿಶೀಲನೆಯಲ್ಲಿ ಹೊರಬಂತು: ಸುಮಾರು 5,000 ಜನರಿಗೆ ಅನುಮತಿಯಿದ್ದ ಕಡೆ ಅಲ್ಪಕಾಲದಲ್ಲಿ ಕಾರ್ಮಿಕರ ಸಂಖ್ಯೆ 10,000 ದಾಟಿತ್ತು. ಎಂಟು ಗಂಟೆಯ ಪಾಳಿಯನ್ನು ಹನ್ನೆರಡು ಗಂಟೆಗೆ ಬದಲಿಸಲಾಗಿತ್ತು. ಹಾಜರಿ ದಾಖಲಿಸುವ ವ್ಯವಸ್ಥೆ ದೋಷಪೂರಿತವಾಗಿತ್ತು. ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಎಚ್‌ಆರ್ ವಿಭಾಗ ಈ ಗಾತ್ರಕ್ಕೆ ತಕ್ಕಂತೆ ಬೆಳೆದಿರಲಿಲ್ಲ.

ಕಾರಣಗಳನ್ನು ಜೋಡಿಸಿ ನೋಡಿ. ಹನ್ನೆರಡು ಗಂಟೆ ದುಡಿದು ಹಾಜರಿಯಲ್ಲಿ ಎಂಟು ಗಂಟೆ ಬಿದ್ದರೆ ಕಾರ್ಮಿಕ ಮೊದಲು ಹೋಗುವುದು ತನ್ನ ಲೈನ್‌ನ ಮೇಲ್ವಿಚಾರಕರ ಬಳಿ. ಅವರು ಏಜೆನ್ಸಿಯತ್ತ ಕೈ ತೋರಿಸುತ್ತಾರೆ, ಏಜೆನ್ಸಿ ಕಂಪನಿಯತ್ತ ತೋರಿಸುತ್ತದೆ, ಎಚ್‌ಆರ್ ಎದುರು ನೂರಾರು ಜನರ ಸಾಲು. ಸಂಬಳದ ತಪ್ಪು ಒಂದು ತಿಂಗಳಿನದಾದರೆ ಅದು ಲೆಕ್ಕದ ತಪ್ಪು. ಹೇಳಿದರೂ ಯಾರೂ ಕೇಳದೆ ಮುಂದಿನ ತಿಂಗಳೂ ಹಾಗೆಯೇ ಬಂದರೆ ಅದು ಅವಮಾನ. ಕೆಲವರಿಗೆ ಸರಿಯಾಗಿ, ಸಕಾಲದಲ್ಲಿ ವೇತನ ಪಾವತಿಯಾಗಿರಲಿಲ್ಲ ಎಂದು ವಿಸ್ಟ್ರಾನ್ ಒಪ್ಪಿ ಕ್ಷಮೆ ಕೇಳಿತು, ಭಾರತದ ವಹಿವಾಟು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಕೆಲಸದ ವೇಳೆಯನ್ನು ನಿರ್ವಹಿಸುವ ಸರಿಯಾದ ಕ್ರಮ ಇರಲಿಲ್ಲವೆಂದು ಆ್ಯಪಲ್ ಹೇಳಿ, ತಪ್ಪು ತಿದ್ದಿಕೊಳ್ಳುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದಿತು. ಮೇಲಿನ ಒಬ್ಬರು ಹೋದರು. ಕೆಳಗಿನವರ ದೂರು ಕೇಳುವ ಕಿವಿ ಒಂದು ತಿಂಗಳು ಮುಂಚೆ ಇದ್ದಿದ್ದರೆ ಯಾರೂ ಹೋಗಬೇಕಿರಲಿಲ್ಲ.

ಯಾರ ವಾದ ಏನು

ಉದ್ಯಮದ ವಾದದಲ್ಲಿ ತಿರುಳಿಲ್ಲದೆ ಇಲ್ಲ. ಬೆಂಗಳೂರಿನ ಕಂಪನಿಗಳ ಗ್ರಾಹಕರು ಬೇರೆ ಗಡಿಯಾರದಲ್ಲಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳಿಗ್ಗೆ 9 ಆದಾಗ ಇಲ್ಲಿ ಬೇಸಿಗೆಯಲ್ಲಿ ರಾತ್ರಿ 9.30, ಅಮೆರಿಕದವರು ನವೆಂಬರ್‌ನಲ್ಲಿ ಗಡಿಯಾರ ಹಿಂದಿಟ್ಟ ಮೇಲೆ ರಾತ್ರಿ 10.30. ದಿನದ ಮಿತಿ ಬಿಗಿಯಾದರೆ ವ್ಯವಹಾರ ಬೇರೆ ರಾಜ್ಯಕ್ಕೋ ದೇಶಕ್ಕೋ ಹೋಗುತ್ತದೆ ಎಂಬ ಭಯ ಸರ್ಕಾರಕ್ಕೂ ಇದೆ. ಕಾರ್ಖಾನೆಗಳಲ್ಲಿ ವಾರದ 48 ಗಂಟೆಯ ಮಿತಿಯನ್ನು ಹಾಗೇ ಇಟ್ಟು ದಿನಕ್ಕೆ 12 ಗಂಟೆಯವರೆಗೆ ಅವಕಾಶ ಕೊಡುವ ತಿದ್ದುಪಡಿಯನ್ನು ಕರ್ನಾಟಕ 2023ರಲ್ಲಿ ತಂದದ್ದೂ ಇದೇ ಲೆಕ್ಕಾಚಾರದಿಂದ. ನಾಲ್ಕು ದಿನ ದುಡಿದು ಮೂರು ದಿನ ಬಿಡುವು ಸಿಗಬಹುದು ಎಂಬುದು ಅದರ ಪರ ವಾದ.

ಐಟಿ ನೌಕರರ ಸಂಘಟನೆ ಕಿಟು ಮತ್ತು ಇತರ ಕಾರ್ಮಿಕ ಸಂಘಗಳ ಆಕ್ಷೇಪ ಎರಡು. ಹನ್ನೆರಡು ಗಂಟೆಗೆ ಅವಕಾಶ ಕೊಟ್ಟರೆ ಮೂರು ಪಾಳಿಯ ಕಡೆ ಎರಡೇ ಪಾಳಿ ಸಾಕಾಗುತ್ತದೆ, ಮೂರರಲ್ಲಿ ಒಂದು ಪಾಲು ಜನ ಕೆಲಸ ಕಳೆದುಕೊಳ್ಳುತ್ತಾರೆ. ಹಾಗೂ ಹೆಚ್ಚುವರಿ ದುಡಿಮೆ ಈಗಾಗಲೇ ದಾಖಲೆಯಿಲ್ಲದೆ ನಡೆಯುತ್ತಿರುವಾಗ ಮಿತಿ ಏರಿಸುವುದೆಂದರೆ ತಪ್ಪಿಗೆ ಕಾನೂನಿನ ಮುದ್ರೆ ಒತ್ತಿದಂತೆ. ಈ ಎರಡನೆಯ ಮಾತೇ ಹೆಚ್ಚು ತೂಕದ್ದು ಎಂದು ನನ್ನ ಅಭಿಪ್ರಾಯ. ಗ್ರಾಹಕರ ಗಡಿಯಾರ ಬೇರೆ ಎಂಬುದು ರಾತ್ರಿ ಕರೆಗೆ ಕಾರಣ ಸರಿ. ರಾತ್ರಿ 11ರವರೆಗೆ ಕರೆಯಲ್ಲಿದ್ದವರು ಬೆಳಿಗ್ಗೆ 9ಕ್ಕೆ ಮತ್ತೆ ಸೀಟಿನಲ್ಲಿರಬೇಕು ಎನ್ನುವುದಕ್ಕೆ ಅದು ಕಾರಣವಾಗುವುದಿಲ್ಲ. ಅದು ಯಾರೋ ಒಬ್ಬ ಮ್ಯಾನೇಜರ್ ಮಾಡಿದ ಆಯ್ಕೆ.

ಈ ವಾದಗಳ ನಡುವೆ ಮ್ಯಾನೇಜರ್‌ಗಳ ಪಾಡು ಯಾರ ಬಾಯಲ್ಲೂ ಬರುವುದಿಲ್ಲ. ಚೆನ್ನಾಗಿ ಕೋಡ್ ಬರೆದವರಿಗೆ ಬಡ್ತಿಯೆಂದು ಹತ್ತು ಜನರನ್ನು ಒಪ್ಪಿಸಲಾಗುತ್ತದೆ. ಜನರನ್ನು ನಡೆಸಿಕೊಳ್ಳುವ ತರಬೇತಿ ಎಂದರೆ ಎರಡು ದಿನದ ಆನ್‌ಲೈನ್ ಪಾಠ. ಕಾರ್ಮಿಕನ ವ್ಯಾಖ್ಯಾನದಿಂದ ಅವರೇ ಮೊದಲು ಹೊರಬೀಳುವವರು. ಅವರ ರೇಟಿಂಗ್ ನಿಂತಿರುವುದು ಡೆಲಿವರಿ ದಿನಾಂಕ ಮತ್ತು ಲಾಭದ ಮೇಲೆ, ತಂಡದಲ್ಲಿ ಎಷ್ಟು ಜನ ಉಳಿದರು ಎಂಬುದರ ಮೇಲಲ್ಲ.

ಮ್ಯಾನೇಜರ್ ಬದಲಿಸಬಹುದಾದದ್ದು

ಹಾಗಿದ್ದರೂ ಮೇಲಿನ ಅನುಮತಿಗೆ ಕಾಯದೆ ಮ್ಯಾನೇಜರ್ ಒಬ್ಬರೇ ಬದಲಿಸಬಹುದಾದದ್ದು ಕಡಿಮೆಯೇನಿಲ್ಲ.

ಮೊದಲನೆಯದು ಸಂದೇಶದ ವೇಳೆ. ರಾತ್ರಿ 10.40ಕ್ಕೆ ‘ಅರ್ಜೆಂಟ್ ಏನಿಲ್ಲ, ನಾಳೆ ನೋಡಿ’ ಎಂದು ಕಳಿಸಿದ ಸಂದೇಶವನ್ನೂ ನೌಕರ ಆಗಲೇ ಓದುತ್ತಾನೆ, ಕಳಿಸಿದವರು ಸಂಬಳ ತೀರ್ಮಾನಿಸುವವರಾದ್ದರಿಂದ ಆಗಲೇ ಉತ್ತರಿಸುತ್ತಾನೆ. ಬೆಳಿಗ್ಗೆ 9.30ಕ್ಕೆ ತಾನಾಗಿ ಹೋಗುವಂತೆ ಸಂದೇಶ ಬರೆದಿಡುವ ಸೌಲಭ್ಯ ಇಂದು ಬಹುತೇಕ ಎಲ್ಲ ಮೇಲ್, ಚಾಟ್ ಆ್ಯಪ್‌ಗಳಲ್ಲಿದೆ. ತುರ್ತಿದ್ದರೆ ಫೋನ್ ಕರೆ, ಉಳಿದದ್ದೆಲ್ಲ ಚಾಟ್ ಎಂದು ತಂಡಕ್ಕೆ ಬರವಣಿಗೆಯಲ್ಲಿ ತಿಳಿಸಬೇಕು; ತುರ್ತು ಎಂದರೇನು ಎಂಬುದನ್ನೂ ಬರೆಯಬೇಕು: ವ್ಯವಸ್ಥೆ ನಿಂತುಹೋದದ್ದು, ಪಾವತಿ ಸಿಕ್ಕಿಹಾಕಿಕೊಂಡದ್ದು, ದತ್ತಾಂಶ ಕಳೆದದ್ದು. ಮುಖ್ಯಸ್ಥರು ಕೇಳಿದ ಪಿಪಿಟಿ ಈ ಪಟ್ಟಿಯಲ್ಲಿ ಬರಬಾರದು.

ರಾತ್ರಿಯ ಹೊಣೆಗೆ ವಾರವಾರ ಬದಲಾಗುವ ಪಟ್ಟಿ ಬೇಕು, ಒಬ್ಬರು ಮುಖ್ಯ, ಇನ್ನೊಬ್ಬರು ಬದಲಿ. ಎಲ್ಲ ಕಡೆ ಎಡವುವುದು ಇಲ್ಲಿಯೇ: ಪಟ್ಟಿ ಇರುತ್ತದೆ, ಆದರೆ ಸಮಸ್ಯೆ ಬಂದಾಗ ಪಟ್ಟಿಯಲ್ಲಿರುವವರನ್ನು ಬಿಟ್ಟು ಬೇಗ ಬಗೆಹರಿಸುವವರನ್ನೇ ಕರೆಯುತ್ತಾರೆ. ಹಾಗೆ ಮಾಡಿದರೆ ಚುರುಕಿನವರು ಮೊದಲು ಸುಸ್ತಾಗಿ ಕೆಲಸ ಬಿಡುತ್ತಾರೆ, ಉಳಿದವರು ಕಲಿಯುವುದೇ ಇಲ್ಲ. ಕಾಂಪ್-ಆಫ್ (ಹೆಚ್ಚುವರಿ ದುಡಿಮೆಗೆ ಬದಲಿ ರಜೆ) ಕೊಡುವುದಾದರೆ ದಿನಾಂಕ ಗೊತ್ತು ಮಾಡಿ ಆ ವಾರವೇ ಕೊಡಬೇಕು. ‘ಮುಂದೆ ತೆಗೆದುಕೊಳ್ಳಿ’ ಎಂದದ್ದು ಹೆಚ್ಚಾಗಿ ಅವಧಿ ಮೀರಿ ರದ್ದಾಗುತ್ತದೆ.

ಎರಡನೆಯದು ಕೆಟ್ಟ ಸುದ್ದಿಗೆ ಕೊಡುವ ಮೊದಲ ಪ್ರತಿಕ್ರಿಯೆ. ಹಾರ್ವರ್ಡ್‌ನ ಆಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳ ಬಗ್ಗೆ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ನಾಯಕತ್ವವಿದ್ದ ವಾರ್ಡ್‌ಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ಮುಚ್ಚಿಡದೆ ಹೇಳುತ್ತಿದ್ದರು. ‘ಯಾರು ಮಾಡಿದ್ದು?’ ಎಂದು ಇಪ್ಪತ್ತು ಜನರಿರುವ ಕರೆಯಲ್ಲಿ ಒಮ್ಮೆ ಕೇಳಿದರೆ ಸಾಕು, ಮುಂದಿನ ದೋಷ ಗ್ರಾಹಕನ ಕಣ್ಣಿಗೆ ಬೀಳುವವರೆಗೆ ಹೊರಬರುವುದಿಲ್ಲ. ‘ಏನಾಗಿದೆ, ಈಗ ಏನು ಬೇಕು?’ ಎಂದು ಮೊದಲು ಕೇಳಿ, ಯಾರು ಎಂಬುದನ್ನು ಮರುದಿನ ಆ ವ್ಯಕ್ತಿಯೊಂದಿಗೆ ಮಾತ್ರ ಮಾತಾಡಿದರೆ ದುರಸ್ತಿಯ ಗಂಟೆಗಳು ಅರ್ಧಕ್ಕರ್ಧ ಉಳಿಯುವ ಸಂದರ್ಭಗಳಿವೆ.

ಮೂರನೆಯದು ಹೊಸ ಕೆಲಸ ಕೊಡುವ ರೀತಿ. ‘ಇದನ್ನೂ ಮಾಡಿ’ ಎನ್ನುವಾಗ ಯಾವುದನ್ನು ಬಿಡಬೇಕು ಎಂಬುದನ್ನೂ ಹೇಳಬೇಕು. ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರೊಂದಿಗೆ ಅರ್ಧ ಗಂಟೆ ಕೂತು, ಏನು ಸಿಕ್ಕಿಹಾಕಿಕೊಂಡಿದೆ, ಯಾವುದನ್ನು ಮುಂದೂಡಬಹುದು, ಮುಂದಿನ ತಿಂಗಳು ರಜೆ ಯಾವಾಗ ಬೇಕು ಎಂದು ಕೇಳುವ ಮ್ಯಾನೇಜರ್‌ಗೆ ಟೈಮ್‌ಶೀಟ್ ಹೇಳದ್ದೆಲ್ಲ ತಿಳಿಯುತ್ತದೆ. ಆ ಅರ್ಧ ಗಂಟೆಯನ್ನು ಪ್ರಾಜೆಕ್ಟ್ ಸ್ಥಿತಿಗತಿ ಕೇಳಲು ಬಳಸಿದರೆ ಅದು ಇನ್ನೊಂದು ಮೀಟಿಂಗ್ ಅಷ್ಟೆ.

ನೌಕರ ಉಳಿಸಿಕೊಳ್ಳಬೇಕಾದ ದಾಖಲೆ

ವಾದ ಮಾಡಲು ಹೋಗದೆ, ದಾಖಲೆ ಉಳಿಯುವಂತೆ ಪ್ರಶ್ನೆ ಕೇಳುವುದು ಹೆಚ್ಚು ಉಪಯುಕ್ತ. ‘ಸರ್, ನಿನ್ನೆ ರಾತ್ರಿ 8ರಿಂದ 11ರವರೆಗೆ ರಿಲೀಸ್ ಕೆಲಸ ಮಾಡಿದೆ. ಆ ಮೂರು ಗಂಟೆಯನ್ನು ಟೈಮ್‌ಶೀಟ್‌ನಲ್ಲಿ ಯಾವ ಲೆಕ್ಕಕ್ಕೆ ಹಾಕಲಿ?’ ಎಂದು ಕಚೇರಿಯ ಮೇಲ್‌ನಲ್ಲಿ ಬರೆದರೆ ಯಾರೂ ಉದ್ಧಟತನ ಎನ್ನಲಾಗದು. ಉತ್ತರ ಬಂದರೂ ಬರದಿದ್ದರೂ ಗಂಟೆಗಳು ದಿನಾಂಕ ಸಮೇತ ಉಳಿಯುತ್ತವೆ. ವಾರಕ್ಕೊಮ್ಮೆ ಬಂದ ಹೊತ್ತು, ಹೋದ ಹೊತ್ತು, ರಾತ್ರಿ ಕರೆಗಳ ಅವಧಿಯನ್ನು ಸ್ವಂತ ಪುಸ್ತಕದಲ್ಲಿ ಬರೆದಿಡಿ. ಗ್ರಾಹಕರ ಗೋಪ್ಯ ಮಾಹಿತಿಯಿರುವ ಮೇಲ್‌ಗಳನ್ನು ಖಾಸಗಿ ಖಾತೆಗೆ ಕಳಿಸಿಕೊಳ್ಳಬೇಡಿ, ಅದೇ ಶಿಸ್ತುಕ್ರಮಕ್ಕೆ ಕಾರಣವಾಗಬಹುದು. ಕುಂದುಕೊರತೆ ಸಮಿತಿಯ ಸದಸ್ಯರ ಹೆಸರನ್ನು ಎಚ್‌ಆರ್‌ಗೆ ಬರೆದು ಕೇಳಿ.

ಮುಂದೆ ಗಮನಿಸಬೇಕಾದದ್ದು

ಸುಪ್ರಿಯಾ ಸುಳೆ ಅವರ ಮಸೂದೆ ಕಾನೂನಾಗುವ ಸಾಧ್ಯತೆ ತೀರಾ ಕಡಿಮೆ; 1970ರ ನಂತರ ಸಂಸತ್ತಿನಲ್ಲಿ ಒಂದೂ ಖಾಸಗಿ ಮಸೂದೆ ಅಂಗೀಕಾರವಾಗಿಲ್ಲ. ಆದರೆ ಆ ದಾರಿಯಲ್ಲಿ ನಡೆದ ದೇಶಗಳಿವೆ. ಫ್ರಾನ್ಸ್ 2017ರಿಂದ, 50 ಅಥವಾ ಹೆಚ್ಚು ಜನರಿರುವ ಕಂಪನಿಗಳು ಈ ಬಗ್ಗೆ ನೌಕರರೊಂದಿಗೆ ಮಾತುಕತೆ ನಡೆಸಬೇಕೆಂದಿದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಬಂದ ಕಾನೂನು ಇನ್ನೂ ನೇರವಾಗಿದೆ: ಕೆಲಸದ ಹೊತ್ತಿನ ಆಚೆ ಬಂದ ಸಂದೇಶವನ್ನು ನೋಡದಿರುವ, ಉತ್ತರಿಸದಿರುವ ಹಕ್ಕು ನೌಕರನಿಗಿದೆ, ನಿರಾಕರಣೆ ಅಸಮಂಜಸವಾಗಿರಬಾರದು ಅಷ್ಟೆ. ಸಮಂಜಸವೇ ಎಂದು ಅಳೆಯುವಾಗ ಸಂಪರ್ಕಿಸಿದ ಕಾರಣ, ಆಗುವ ತೊಂದರೆ, ಅದಕ್ಕೆ ಭತ್ಯೆ ಕೊಡುತ್ತಾರೆಯೇ, ಹುದ್ದೆಯ ಹೊಣೆ ಎಷ್ಟು, ಮನೆಯ ಪರಿಸ್ಥಿತಿ ಏನು ಎಂಬುದನ್ನೆಲ್ಲ ನೋಡುತ್ತಾರೆ. ತಕರಾರನ್ನು ಮೊದಲು ಕಂಪನಿಯೊಳಗೇ ಬಗೆಹರಿಸಿಕೊಳ್ಳಬೇಕು. ಅಂದರೆ ಅಲ್ಲಿಯ ಕಾನೂನೂ ಮೊದಲ ಮಾತುಕತೆಯನ್ನು ಮ್ಯಾನೇಜರ್ ಮತ್ತು ನೌಕರನ ನಡುವೆಯೇ ಇಟ್ಟಿದೆ. ವ್ಯತ್ಯಾಸವೆಂದರೆ ಆ ಮಾತುಕತೆಗೆ ಕೂರುವಾಗ ನೌಕರನ ಕೈಯಲ್ಲಿ ಒಂದು ಹಕ್ಕು ಇರುತ್ತದೆ.

ಕರ್ನಾಟಕದಲ್ಲಿ ದಿನದ ಮಿತಿ 10 ಆಗುತ್ತದೋ 12 ಆಗುತ್ತದೋ ಎಂಬುದರ ಜೊತೆಗೆ ಇನ್ನೆರಡು ಸಂಗತಿಗಳನ್ನು ನೋಡಬೇಕು. ಐಟಿ ಕಂಪನಿಗಳು ಲಾಗಿನ್, ಲಾಗೌಟ್ ಸಮಯವನ್ನೇ ಕೆಲಸದ ವೇಳೆಯ ದಾಖಲೆಯಾಗಿ ಇಲಾಖೆಗೆ ತೋರಿಸಬೇಕೆಂಬ ನಿಯಮ ಬರುತ್ತದೆಯೇ? ಬಂದರೆ ‘ಒಂಬತ್ತೇ ಹಾಕಿ’ ಎನ್ನುವ ಮ್ಯಾನೇಜರ್‌ನ ಮಾತಿಗೂ ಸರ್ವರ್‌ನ ದಾಖಲೆಗೂ ತಾಳೆಯಾಗದು, ಮುಂದಿನ ಅಂದಾಜು 360ಕ್ಕೆ ಇಳಿಯಲಾರದು. ಎರಡನೆಯದು, ಸ್ಥಾಯಿ ಆದೇಶಗಳ ವಿನಾಯಿತಿಯ ಷರತ್ತುಗಳನ್ನು ಇಲಾಖೆ ತಪಾಸಣೆ ಮಾಡಿ, ಯಾವ ಕಂಪನಿಯಲ್ಲಿ ಕುಂದುಕೊರತೆ ಸಮಿತಿ ವರ್ಷಕ್ಕೆ ಎಷ್ಟು ಸಲ ಸೇರಿತು, ಎಷ್ಟು ದೂರು ಇತ್ಯರ್ಥವಾಯಿತು ಎಂಬುದನ್ನು ಪ್ರಕಟಿಸುತ್ತದೆಯೇ? ಇದಕ್ಕೆ ಹೊಸ ಕಾನೂನು ಬೇಕಿಲ್ಲ; ವಿನಾಯಿತಿಯ ಆದೇಶದಲ್ಲೇ ಆ ಷರತ್ತುಗಳಿವೆ.